ಯಾರು ಗೆದ್ದರೂ ನಮ್ಮವರೇ: ಬ್ಲ್ಯಾಕ್, ಮ್ಯಾನಫೋರ್ಟ್, ಸ್ಟೋನ್ ಅಂಡ್ ಕೆಲಿ ಕಂಪನಿಯ ಪ್ರಕರಣ

1986ರ ಮಾರ್ಚ್ 3ರ ಟೈಮ್ ವಾರಪತ್ರಿಕೆಯ ಮುಖಪುಟದಲ್ಲಿ ಒಬ್ಬ ಮನುಷ್ಯ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದಾನೆ. ಹೆಸರು ಮೈಕೆಲ್ ಡೀವರ್. ಅಧ್ಯಕ್ಷ ರೊನಾಲ್ಡ್ ರೇಗನ್‌ಗೆ ತೀರಾ ಆಪ್ತ. ಶ್ವೇತಭವನದ ಕೆಲಸ ಬಿಟ್ಟು ಲಾಬಿ ಅಂಗಡಿ, ಅಂದರೆ ದುಡ್ಡು ಪಡೆದು ಸರ್ಕಾರದಲ್ಲಿ ಬೇರೆಯವರ ಕೆಲಸ ಮಾಡಿಸಿಕೊಡುವ ಕಂಪನಿ, ತೆರೆದಿದ್ದ. ಮುಂದೆ ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಶಿಕ್ಷೆಯೂ ಆಯಿತು, ಆ ಕಥೆ ಬೇರೆ. ನಮಗೆ ಬೇಕಾದದ್ದು ಅದೇ ಸಂಚಿಕೆಯ ಒಳಪುಟದಲ್ಲಿತ್ತು. ವಾಷಿಂಗ್ಟನ್‌ನಲ್ಲೇ ಅತಿ ಚಾಲಾಕಿ ಅಂಗಡಿ ಇದು ಅಂತ ಟೈಮ್ ಇನ್ನೊಂದು ಕಂಪನಿಯತ್ತ ಬೆರಳು ತೋರಿಸಿತ್ತು. ಅಮೆರಿಕದ ಸಂಸತ್ತಿನ ಸಹಾಯಕನೊಬ್ಬ ಹೇಳಿದ ಜೋಕೂ ಅಲ್ಲಿತ್ತು: ಪಕ್ಷದ ಅಭ್ಯರ್ಥಿ ಯಾರು ಅಂತ ತೀರ್ಮಾನಿಸಲು ರಾಜ್ಯ ರಾಜ್ಯದಲ್ಲಿ ಚುನಾವಣೆ ಯಾಕೆ ಬೇಕು? ಎಲ್ಲರೂ ಈ ಕಂಪನಿಯ ಆಫೀಸಿಗೆ ಹೋಗಿ ಅಲ್ಲೇ ವಾದ ಮಾಡಿ ಮುಗಿಸಿಕೊಂಡರೆ ಆಯಿತಲ್ಲ!

ಜೋಕಿಗೆ ಕಾರಣವಿತ್ತು. 1988ರ ಅಧ್ಯಕ್ಷೀಯ ಚುನಾವಣೆಗೆ ರಿಪಬ್ಲಿಕನ್ ಪಕ್ಷದೊಳಗೆ ಪೈಪೋಟಿ ಶುರುವಾಗಿತ್ತು. ಕಂಪನಿಯ ಒಬ್ಬ ಪಾಲುದಾರ ಆಗಿನ ಉಪಾಧ್ಯಕ್ಷ ಜಾರ್ಜ್ ಬುಷ್ ಪರ, ಇನ್ನಿಬ್ಬರು ಅವನ ಎದುರಾಳಿ, ಸಂಸದ ಜ್ಯಾಕ್ ಕೆಂಪ್ ಪರ. ಅದೂ ಸಾಲದು ಅಂತ ಮತ್ತೊಬ್ಬ ಪಾಲುದಾರ ಎದುರು ಪಕ್ಷವಾದ ಡೆಮಾಕ್ರಟ್‌ಗಳ ದೊಡ್ಡ ಹಣ ಸಂಗ್ರಾಹಕ. ಎಲ್ಲರ ಹೆಸರೂ ಒಂದೇ ಬೋರ್ಡಿನ ಮೇಲೆ.

ಆ ಕಂಪನಿಯೇ ಬ್ಲ್ಯಾಕ್, ಮ್ಯಾನಫೋರ್ಟ್, ಸ್ಟೋನ್ ಅಂಡ್ ಕೆಲಿ. ಎರಡೂ ಪಕ್ಷದವರನ್ನು ಒಂದೇ ಸೂರಿನಡಿ ಕೂರಿಸಿ ಲಾಬಿ ಮಾಡುವುದು ಇವತ್ತು ವಾಷಿಂಗ್ಟನ್‌ನಲ್ಲಿ ಮಾಮೂಲು. ಆ ಪದ್ಧತಿಗೆ ದಾರಿ ಹಾಕಿಕೊಟ್ಟ ಮೊದಲಿಗರಲ್ಲಿ ಇವರು ಮುಖ್ಯ. ದ್ವಿಪಕ್ಷೀಯ ಅಂದ ಕೂಡಲೇ ಮಧ್ಯಮ ಮಾರ್ಗ, ರಾಜಿ, ದೇಶಹಿತ ಅಂತೆಲ್ಲ ಕಿವಿಗೆ ಹಿತವಾಗಿ ಕೇಳಿಸುತ್ತದೆ. ಈ ಕಂಪನಿಯ ಚರಿತ್ರೆ ನೋಡಿದರೆ ಅದರ ಅರ್ಥ ಬೇರೆಯೇ. ಎರಡೂ ಪಕ್ಷದವರು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತರೆ ಪ್ರಶ್ನೆ ಕೇಳುವವರು ಉಳಿಯುವುದಿಲ್ಲ. ಕಂಪನಿ ಮಾರುತ್ತಿದ್ದದ್ದು ಹೆಚ್ಚುಕಮ್ಮಿ ಅದನ್ನೇ ಅಂತ ನನ್ನ ಅಂದಾಜು.

ಮೂವರು ಹುಡುಗರು

ಮೊದಲು ಮೂವರಿದ್ದರು. ಚಾರ್ಲಿ ಬ್ಲ್ಯಾಕ್ ಉತ್ತರ ಕ್ಯಾರೊಲಿನಾದವನು. ಆ ರಾಜ್ಯದ ಕಟ್ಟಾ ಬಲಪಂಥೀಯ ಸೆನೆಟರ್ ಜೆಸ್ಸಿ ಹೆಲ್ಮ್ಸ್ ಗರಡಿಯಲ್ಲಿ ಪಳಗಿದವನು. ಪಾಲ್ ಮ್ಯಾನಫೋರ್ಟ್ ಕನೆಕ್ಟಿಕಟ್‌ನ ನ್ಯೂ ಬ್ರಿಟನ್ ಊರಿನವನು, ಅಪ್ಪ ಅಲ್ಲಿ ಮೇಯರ್ ಆಗಿದ್ದ. 1976ರ ರಿಪಬ್ಲಿಕನ್ ಸಮಾವೇಶದಲ್ಲಿ ಜೆರಾಲ್ಡ್ ಫೋರ್ಡ್ ಪರವಾಗಿ ಪ್ರತಿನಿಧಿಗಳ ತಲೆ ಎಣಿಸಿ, ಜಾರುವವರನ್ನು ಹಿಡಿದು ನಿಲ್ಲಿಸುವ ಕೆಲಸ ಇವನದು. ರೋಜರ್ ಸ್ಟೋನ್ ಮೂವರಲ್ಲಿ ಚಿಕ್ಕವನು. ಹತ್ತೊಂಬತ್ತು ಇಪ್ಪತ್ತರ ವಯಸ್ಸಿಗೇ ನಿಕ್ಸನ್ ಪ್ರಚಾರದ ಕೆಲಸಕ್ಕೆ ಸೇರಿದ್ದ. ಮುಂದೆ ಬೆನ್ನ ಮೇಲೆ ನಿಕ್ಸನ್ ಮುಖದ ಹಚ್ಚೆ ಹಾಕಿಸಿಕೊಂಡ ಅಭಿಮಾನಿ.

1975ರಲ್ಲಿ ಬ್ಲ್ಯಾಕ್ ಮತ್ತು ಸ್ಟೋನ್, ಟೆರಿ ಡೋಲನ್ ಜೊತೆ ಸೇರಿ ಎನ್‌ಸಿಪ್ಯಾಕ್ ಅನ್ನುವ ಸಮಿತಿ ಹುಟ್ಟುಹಾಕಿದ್ದರು. ಎದುರಾಳಿಯನ್ನು ಜಾಹೀರಾತಿನಲ್ಲಿ ತೊಳೆದು ಹಾಕುವುದೇ ಅದರ ಕಸುಬು. 1980ರಲ್ಲಿ ಅದು ಗುರಿಯಿಟ್ಟ ಡೆಮಾಕ್ರಟ್ ಸೆನೆಟರ್‌ಗಳಲ್ಲಿ ಜಾರ್ಜ್ ಮೆಕ್‌ಗವರ್ನ್, ಫ್ರ್ಯಾಂಕ್ ಚರ್ಚ್, ಬರ್ಚ್ ಬೇ ಅವರಂಥ ದೊಡ್ಡ ತಲೆಗಳೇ ಉರುಳಿದವು. ಬರ್ಚ್ ಬೇ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

1980ರ ರೇಗನ್ ಪ್ರಚಾರದಲ್ಲಿ ಮೂವರೂ ಇದ್ದರು. ಪಕ್ಷದ ಅಭ್ಯರ್ಥಿ ಆಯ್ಕೆಗೆ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಮತದಾನ ನಡೆದ ದಿನವೇ ರೇಗನ್ ತನ್ನ ಪ್ರಚಾರದ ಮುಖ್ಯಸ್ಥನನ್ನು ಕಿತ್ತುಹಾಕಿದ. ಜೊತೆಗೆ ಬ್ಲ್ಯಾಕ್ ಕೂಡ ಹೊರಬಿದ್ದ. ಮ್ಯಾನಫೋರ್ಟ್ ದಕ್ಷಿಣದ ರಾಜ್ಯಗಳನ್ನೂ ಸ್ಟೋನ್ ಈಶಾನ್ಯವನ್ನೂ ನೋಡಿಕೊಂಡು ಕೊನೆವರೆಗೂ ಉಳಿದರು. ಅದೇ ವರ್ಷ ಪೊಟೊಮ್ಯಾಕ್ ನದಿಯ ಆಚೆ ದಡದ ಅಲೆಕ್ಸಾಂಡ್ರಿಯಾದಲ್ಲಿ ಬ್ಲ್ಯಾಕ್, ಮ್ಯಾನಫೋರ್ಟ್ ಅಂಡ್ ಸ್ಟೋನ್ ಶುರುವಾಯಿತು. ಮೂವರೂ 30ರ ಆಸುಪಾಸಿನವರು.

ಶುರುವಿನಲ್ಲಿ ಚುನಾವಣೆ ನಡೆಸಿಕೊಡುವುದಷ್ಟೇ ಕೆಲಸ. ಆದರೆ ಚುನಾವಣೆ ಸೀಸನ್ ವ್ಯಾಪಾರ. ಎರಡು ವರ್ಷಕ್ಕೊಮ್ಮೆ ಸುಗ್ಗಿ, ಮಿಕ್ಕ ದಿನ ಬರಗಾಲ. ಗೆದ್ದ ಅಭ್ಯರ್ಥಿ ಮಾತ್ರ ಆರು ವರ್ಷ ಸೆನೆಟ್‌ನಲ್ಲಿ ಕೂತಿರುತ್ತಾನೆ, ಸಮಿತಿಗಳಲ್ಲಿ ಮತ ಹಾಕುತ್ತಾನೆ, ಇವರ ಫೋನ್ ಎತ್ತುತ್ತಾನೆ. ಹಾಗಾದರೆ ಗೆಲ್ಲಿಸಿದವರೇ ಆಮೇಲೆ ಹೋಗಿ ಅವನ ಬಾಗಿಲು ಯಾಕೆ ತಟ್ಟಬಾರದು? ಆ ಕಾಲಕ್ಕೆ ಇದು ನಿಜಕ್ಕೂ ಹೊಸದು. ಹಳೆಯ ಲಾಬಿಗಾರರು ವಕೀಲರು, ಮಾಜಿ ಸಂಸದರು. ಇನ್ನೊಬ್ಬರನ್ನು ಗೆಲ್ಲಿಸಿಕೊಡುವ ಗುತ್ತಿಗೆ ಅವರದಲ್ಲ. ಇವರು ಎರಡು ಕಂಪನಿ ಮಾಡಿಕೊಂಡರು. ಒಂದು ಚುನಾವಣೆ ನಡೆಸಲು, ಇನ್ನೊಂದು ಲಾಬಿಗೆ. ಕಾಗದದಲ್ಲಿ ಬೇರೆ ಬೇರೆ, ಆಫೀಸು ಮತ್ತು ಮಾಲೀಕರು ಬಹುಪಾಲು ಅವರೇ. 1984ರ ಚುನಾವಣೆ ಮುಗಿದ ಮೇಲೆ ಸೇರಿಕೊಂಡ ಲೀ ಆಟ್‌ವಾಟರ್ ಚುನಾವಣೆಯ ಕಡೆಯ ಹೊಸ ಹೆಸರು.

ಡೊನಾಲ್ಡ್ ಟ್ರಂಪ್ ಆರಂಭದ ಗಿರಾಕಿಗಳಲ್ಲೊಬ್ಬ, ಸ್ಟೋನ್ ಮೂಲಕ ಬಂದವನು. ರೂಪರ್ಟ್ ಮರ್ಡಾಕ್‌ನ ಮಾಧ್ಯಮ ಸಂಸ್ಥೆಯೂ ಬಂತು, ತಂಬಾಕು ಕಂಪನಿಗಳ ಸಂಘವೂ ಬಂತು.

ಕೆಲಿ ಯಾಕೆ ಬೇಕಾದ?

1984ರಲ್ಲಿ ಪೀಟರ್ ಕೆಲಿ ಪಾಲುದಾರನಾಗಿ ಸೇರಿದ. ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ಊರಿನ ವಕೀಲ. ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಿತಿಯ ಹಣಕಾಸು ಹೊಣೆ ಹೊತ್ತಿದ್ದವನು. ನಾಲ್ಕೇ ವರ್ಷದ ಹಿಂದೆ ಬ್ಲ್ಯಾಕ್ ಮತ್ತು ಸ್ಟೋನ್ ಹುಟ್ಟುಹಾಕಿದ ಸಮಿತಿ ಇವನ ಪಕ್ಷದ ಸೆನೆಟರ್‌ಗಳನ್ನು ಮನೆಗೆ ಕಳಿಸಿತ್ತು. ಈಗ ಲಾಭದಲ್ಲಿ ಪಾಲು ಹಂಚಿಕೊಳ್ಳುವ ಸ್ನೇಹ.

ಸಿದ್ಧಾಂತ ಬದಲಾಗಿದ್ದಕ್ಕೆ ಹೀಗಾದದ್ದಲ್ಲ. ಆಗಿನ ವಾಷಿಂಗ್ಟನ್ ಲೆಕ್ಕ ನೋಡಿದರೆ ಕಾರಣ ತಾನಾಗಿ ಗೊತ್ತಾಗುತ್ತದೆ. ಶ್ವೇತಭವನ ರಿಪಬ್ಲಿಕನ್ನರದು. 1981ರಿಂದ 1986ರವರೆಗೆ ಸೆನೆಟ್ ಕೂಡ ಅವರದೇ. ಕೆಳಮನೆ ಮಾತ್ರ 1955ರಿಂದ 1995ರವರೆಗೆ, ಅಂದರೆ ಪೂರ್ತಿ 40 ವರ್ಷ, ಡೆಮಾಕ್ರಟ್‌ಗಳ ಕೈಯಲ್ಲಿತ್ತು. ತೆರಿಗೆ ಮಸೂದೆ ಹುಟ್ಟುವುದೇ ಕೆಳಮನೆಯ ಸಮಿತಿಯಲ್ಲಿ. ಹಣ ಮಂಜೂರಾತಿ ಶುರುವಾಗುವುದೂ ಅಲ್ಲೇ. ಆ ಸಮಿತಿಗಳ ಅಧ್ಯಕ್ಷರೆಲ್ಲ ಡೆಮಾಕ್ರಟ್‌ಗಳು. ಬರೀ ರಿಪಬ್ಲಿಕನ್ನರ ಕಂಪನಿಗೆ ಅರ್ಧ ಊರಿನಲ್ಲಿ ಪ್ರವೇಶವೇ ಇಲ್ಲ. ಕೆಲಿ ಆ ಅರ್ಧ ಊರಿನ ಬೀಗದಕೈ.

ಒಂದು ಸಮಿತಿಯ ಬಾಗಿಲು ತೆರೆದರೆ ಎಂಥ ಲಾಭ ಅನ್ನುವುದಕ್ಕೆ 1986ರ ತೆರಿಗೆ ಸುಧಾರಣಾ ಕಾನೂನು ನೋಡಬೇಕು. ಇದು ಈ ಕಂಪನಿಯ ಕೆಲಸ ಅಂತ ಹೇಳುತ್ತಿಲ್ಲ, ಆ ಕಾಲದ ವಾಷಿಂಗ್ಟನ್ ಲಾಬಿಗಾರರ ಇಡೀ ಬೀದಿಯ ಕೆಲಸ. ಎಲ್ಲರಿಗೂ ಒಂದೇ ನಿಯಮ, ವಿನಾಯಿತಿಗಳನ್ನು ಕಿತ್ತುಹಾಕುತ್ತೇವೆ ಅಂತ ಘೋಷಣೆ. ಆದರೆ ಪರಿವರ್ತನೆಯ ನಿಯಮಗಳು ಅನ್ನುವ ಹೆಸರಿನಲ್ಲಿ ನೂರಾರು ಸಣ್ಣ ಕಿಂಡಿಗಳು. ಯಾವುದರಲ್ಲೂ ಕಂಪನಿಯ ಹೆಸರಿಲ್ಲ. 1916ರ ಅಕ್ಟೋಬರ್ 13ರಂದು ಡೆಲವೇರ್ ರಾಜ್ಯದಲ್ಲಿ ನೋಂದಣಿಯಾದ ವಾಹನ ತಯಾರಕರಿಗೆ ಈ ನಿಯಮ ಅನ್ವಯಿಸುವುದಿಲ್ಲ, ಹೀಗಿರುತ್ತದೆ ಒಂದು ಸಾಲು. ಆ ತಾರೀಖಿಗೆ ಅಲ್ಲಿ ನೋಂದಣಿಯಾದ ವಾಹನ ಕಂಪನಿ ಜನರಲ್ ಮೋಟರ್ಸ್. ಹೆಸರು ಹೇಳದೆ ಹೆಸರು ಹೇಳುವುದು ಅಂದರೆ ಇದೇ ಅಲ್ವಾ? ಇಂಥ ಒಂದು ಸಾಲಿನ ಬೆಲೆ ಕೋಟ್ಯಂತರ ಡಾಲರ್. ಅದು ಮಸೂದೆಯಲ್ಲಿ ಉಳಿಯಬೇಕಾದರೆ ಎರಡೂ ಕಡೆಯವರು ಸುಮ್ಮನಿರಬೇಕು.

ಕೆಲಿ ಬಂದ ಮೇಲೆ ಇನ್ನೊಂದು ವಿಚಿತ್ರವೂ ನಡೆಯಿತು. 1986ರ ಸೆನೆಟ್ ಚುನಾವಣೆಯಲ್ಲಿ ಕೆಲವು ರಾಜ್ಯಗಳಲ್ಲಿ ರಿಪಬ್ಲಿಕನ್ ಅಭ್ಯರ್ಥಿಗೆ ಕಂಪನಿಯ ಒಬ್ಬ ಪಾಲುದಾರ ಸಲಹೆಗಾರ. ಅದೇ ಕ್ಷೇತ್ರದ ಡೆಮಾಕ್ರಟ್ ಅಭ್ಯರ್ಥಿಗೆ ಕೆಲಿ ಹಣ ಎತ್ತಿಕೊಡುತ್ತಿದ್ದ. ಎರಡು ದೋಣಿಯ ಮೇಲೆ ಕಾಲಿಟ್ಟವನು ಮುಳುಗುತ್ತಾನೆ ಅಂತ ನಮ್ಮಲ್ಲಿ ಹೇಳುತ್ತಾರೆ. ಇಲ್ಲಿ ಎರಡೂ ದೋಣಿ ಇವರವೇ.

ಅಂಗೋಲಾದಿಂದ ಬಂದ ಗಿರಾಕಿ

ಕಂಪನಿಗೆ ದೊಡ್ಡ ಹೆಸರು ಮತ್ತು ಕೆಟ್ಟ ಹೆಸರು ಎರಡೂ ಬಂದದ್ದು ವಿದೇಶಿ ಗಿರಾಕಿಗಳಿಂದ. ಸರ್ವಾಧಿಕಾರಿ ಮೊಬುಟುವಿನ ಝೈರ್, ಸರ್ವಾಧಿಕಾರಿ ಸಿಯಾದ್ ಬಾರೆಯ ಸೊಮಾಲಿಯಾ, ಕೀನ್ಯಾ, ನೈಜೀರಿಯಾ, ಹೀಗೆ ಪಟ್ಟಿ ಉದ್ದವಿದೆ. ಎಲ್ಲವನ್ನೂ ಹೇಳುತ್ತಾ ಕೂರುವುದಿಲ್ಲ. ಅಂಗೋಲಾದ ಬಂಡುಕೋರ ನಾಯಕ ಜೋನಾಸ್ ಸವಿಂಬಿಯೊಬ್ಬನ ಕಥೆ ಸಾಕು.

1975ರಲ್ಲಿ ಪೋರ್ಚುಗೀಸರು ಹೊರಟ ಮೇಲೆ ಅಂಗೋಲಾದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ಸರ್ಕಾರ ಎಡಪಂಥೀಯ ಎಂಪಿಎಲ್‌ಎ ಪಕ್ಷದ ಕೈಯಲ್ಲಿ, ಅವರ ಬೆನ್ನಿಗೆ ಸೋವಿಯತ್ ಮತ್ತು ಕ್ಯೂಬಾ. ಕಾಡಿನಲ್ಲಿ ಸವಿಂಬಿಯ ಬಂಡುಕೋರ ಪಡೆ ಯುನಿಟಾ, ಅದರ ಬೆನ್ನಿಗೆ ವರ್ಣಭೇದದ ದಕ್ಷಿಣ ಆಫ್ರಿಕಾ. ಸವಿಂಬಿ ಸ್ವಿಟ್ಜರ್ಲೆಂಡಿನಲ್ಲಿ ಓದಿದವನು, ಚೀನಾದಲ್ಲಿ ಗೆರಿಲ್ಲಾ ತರಬೇತಿ ಪಡೆದವನು, ಒಂದು ಕಾಲದ ಮಾವೋವಾದಿ. ಅಮೆರಿಕದ ಸಂಸತ್ತು 1976ರಲ್ಲೇ ಅಂಗೋಲಾ ಬಣಗಳಿಗೆ ನೆರವು ಕೊಡಬಾರದು ಅಂತ ಕಾನೂನು ಮಾಡಿತ್ತು. 1985ರಲ್ಲಿ ಆ ಕಾನೂನು ರದ್ದಾಯಿತು. ಅದೇ ವರ್ಷ ಯುನಿಟಾ ಈ ಕಂಪನಿಯ ಜೊತೆ ವರ್ಷಕ್ಕೆ 6 ಲಕ್ಷ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿತು.

1986ರ ಜನವರಿ ಕೊನೆಗೆ ಸವಿಂಬಿ ವಾಷಿಂಗ್ಟನ್‌ಗೆ ಬಂದ. ಪತ್ರಿಕೆಗಳಲ್ಲಿ ಅದುವರೆಗೆ ಬರುತ್ತಿದ್ದದ್ದು ಹಸಿರು ಸಮವಸ್ತ್ರ, ಸೊಂಟದಲ್ಲಿ ಪಿಸ್ತೂಲು ಇರುವ ಚಿತ್ರ. ವಾಷಿಂಗ್ಟನ್‌ನಲ್ಲಿ ಅವನು ಕಾಣಿಸಿಕೊಂಡದ್ದು ನಮ್ಮ ನೆಹರೂ ಕಾಲರಿನ ಕೋಟಿನಲ್ಲಿ. ಟಿವಿ ಸಂದರ್ಶನ, ಚಿಂತಕರ ಚಾವಡಿಗಳಲ್ಲಿ ಭಾಷಣ, ಬಲಪಂಥೀಯರ ವಾರ್ಷಿಕ ಸಮಾವೇಶದ ಔತಣ, ಜನವರಿ 30ಕ್ಕೆ ರೇಗನ್ ಭೇಟಿ. ಟೀಕಿಸುವವರಿಗೆ ಏನು ಹೇಳಬೇಕು, ಉಪಕಾರ ಮಾಡಿದವರನ್ನು ಹೇಗೆ ಹೊಗಳಬೇಕು, ಎಲ್ಲದಕ್ಕೂ ಮೊದಲೇ ತಾಲೀಮಾಗಿತ್ತು ಅಂತ ಆಗಿನ ಪತ್ರಿಕೆಗಳು ಬರೆದವು. ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಜೀನ್ ಕರ್ಕ್‌ಪ್ಯಾಟ್ರಿಕ್ ಅವನನ್ನು ಕವಿ, ತತ್ವಜ್ಞಾನಿ, ಯೋಧ, ನಮ್ಮ ಕಾಲದ ನಿಜವಾದ ವೀರ ಅಂತೆಲ್ಲ ಕೊಂಡಾಡಿದರು. ಆ ವರ್ಷವೇ ಗುಟ್ಟಿನ ನೆರವಾಗಿ ಸುಮಾರು 1.5 ಕೋಟಿ ಡಾಲರ್ ಬೆಲೆಯ ಆಯುಧಗಳು ಹೋದವು. ಹೆಗಲ ಮೇಲಿಟ್ಟು ವಿಮಾನಕ್ಕೆ ಹೊಡೆಯುವ ಸ್ಟಿಂಗರ್ ಕ್ಷಿಪಣಿಯೂ ಅದರಲ್ಲಿತ್ತು.

ಅದೇ ಹೊತ್ತಿನಲ್ಲಿ ಅಮೆರಿಕದ ಷೆವ್ರಾನ್ ಕಂಪನಿ ಅಂಗೋಲಾದ ಕಬಿಂಡಾದಲ್ಲಿ ತೈಲ ತೆಗೆಯುತ್ತಿತ್ತು. ಆ ತೈಲದ ತೆರಿಗೆ ಎಂಪಿಎಲ್‌ಎ ಸರ್ಕಾರಕ್ಕೆ. ತೈಲ ಸ್ಥಾವರಕ್ಕೆ ಕಾವಲು ಕ್ಯೂಬಾದ ಸೈನಿಕರು!

ನ್ಯಾಯವಾಗಿ ಹೇಳಬೇಕೆಂದರೆ ಕಂಪನಿ ಇಲ್ಲದಿದ್ದರೂ ರೇಗನ್ ಸವಿಂಬಿಯನ್ನು ಬೆಂಬಲಿಸುತ್ತಿದ್ದ. ಸೋವಿಯತ್ ವಿರುದ್ಧ ಯಾರು ಕೋವಿ ಹಿಡಿದರೂ ಬೆನ್ನು ತಟ್ಟುವುದು ಅವನ ನೀತಿಯೇ. ಕಂಪನಿ ಮಾಡಿದ್ದು ಅದರ ಮುಂದಿನ ಕೆಲಸ. ಸಂಸತ್ತಿನ ಸದಸ್ಯನೊಬ್ಬ ಮುಜುಗರವಿಲ್ಲದೆ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವಂಥ ಮನುಷ್ಯನನ್ನಾಗಿ ಅವನನ್ನು ತಯಾರು ಮಾಡಿತು. ಅದರ ಬೆಲೆ ಗೊತ್ತಾದದ್ದು ಆಮೇಲೆ. ಗೋರ್ಬಚೇವ್ ಅಂಗೋಲಾಕ್ಕೆ ಕೊಡುತ್ತಿದ್ದ ನೆರವು ನಿಲ್ಲಿಸಿದ ಮೇಲೆ ಸವಿಂಬಿಗೆ ದುಡ್ಡು ಕೊಡಲು ಅಮೆರಿಕಕ್ಕೆ ಕಾರಣವೇ ಇರಲಿಲ್ಲ, ಅಷ್ಟೊತ್ತಿಗೆ ಅವನು ಒಳ್ಳೆಯ ಲಾಬಿ ಕಂಪನಿ ಹಿಡಿದಿದ್ದ, ಅಂತ ಡೆಮಾಕ್ರಟ್ ಸೆನೆಟರ್ ಬಿಲ್ ಬ್ರ್ಯಾಡ್ಲಿ ಹೇಳಿದ್ದಾನೆ. 1992ರ ಚುನಾವಣೆಯಲ್ಲಿ ಸವಿಂಬಿ ಹಿಂದೆ ಬಿದ್ದ, ಫಲಿತಾಂಶ ಒಪ್ಪದೆ ಮತ್ತೆ ಕಾಡಿಗೆ ಹೋದ. 2002ರ ಫೆಬ್ರವರಿ 22ರಂದು ಅವನು ಸತ್ತ ಮೇಲೆಯೇ ಯುದ್ಧ ನಿಂತದ್ದು. ಸತ್ತ ಜನ ಲಕ್ಷಗಟ್ಟಲೆ.

ಸೊಮಾಲಿಯಾದ ಕೆಲಸಕ್ಕೆ ಹೊರಟಿದ್ದ ಉದ್ಯೋಗಿಯೊಬ್ಬರು, ಬಾರೆ ಕೆಟ್ಟ ಮನುಷ್ಯನಲ್ಲವೇ ಅಂತ ಮ್ಯಾನಫೋರ್ಟ್‌ನನ್ನು ಕೇಳಿದ್ದರಂತೆ. ಕೆಟ್ಟವನು ಅಂತ ಎಲ್ಲರಿಗೂ ಗೊತ್ತು, ಆದರೆ ಅವನು ನಮ್ಮ ಕಡೆಯ ಕೆಟ್ಟವನಾಗಿರುವಂತೆ ನೋಡಿಕೊಳ್ಳಬೇಕು ಅಂತ ಉತ್ತರ ಬಂತು ಎಂದು ಅವರೇ ಮುಂದೆ ಬರೆದಿದ್ದಾರೆ.

ನಡುವೆ ಒಂದು ಸಂಘ

ಫಿಲಿಪ್ಪೀನ್ಸ್ ಪ್ರಸಂಗ ಚಿಕ್ಕದು, ಆದರೆ ಅದರಲ್ಲಿ ಒಂದು ತಂತ್ರ ಕಾಣುತ್ತದೆ. 1985ರ ನವೆಂಬರ್‌ನಲ್ಲಿ ಸರ್ವಾಧಿಕಾರಿ ಫರ್ಡಿನಂಡ್ ಮಾರ್ಕೋಸ್ ಅಮೆರಿಕದ ಟಿವಿ ಕಾರ್ಯಕ್ರಮದಲ್ಲಿ ಕೂತು ಅವಧಿಗೆ ಮುಂಚೆ ಚುನಾವಣೆ ಘೋಷಿಸಿದ. ಆಗಲೇ ಕಂಪನಿಗೆ 9.5 ಲಕ್ಷ ಡಾಲರ್ ಒಪ್ಪಂದ ಸಿಕ್ಕಿತು. ಒಪ್ಪಂದಕ್ಕೆ ಸಹಿ ಹಾಕಿದ್ದು ಮಾರ್ಕೋಸ್ ಅಲ್ಲ, ಅವನ ಸರ್ಕಾರವೂ ಅಲ್ಲ. ಅಲ್ಲಿನ ತಯಾರಕರು, ರಫ್ತುದಾರರು, ಪ್ರವಾಸೋದ್ಯಮದವರ ಒಂದು ಸಂಘ. ಫೆಬ್ರವರಿ 7ರಂದು ಚುನಾವಣೆ ನಡೆಯಿತು, ಅಕ್ರಮ ಎಲ್ಲರ ಕಣ್ಣಿಗೂ ಬಿತ್ತು. ಎರಡೂ ಕಡೆ ಮೋಸ ನಡೆದಿರಬಹುದು ಅಂತ ರೇಗನ್ ಹೇಳಿದಾಗ ಜಗತ್ತೇ ಹುಬ್ಬೇರಿಸಿತು. ಜನ ಬೀದಿಗಿಳಿದರು. ಇನ್ನು ಉಳಿಯುವುದಿಲ್ಲ ಅಂತ ಖಚಿತವಾದ ಕೊನೆಯ ಗಳಿಗೆಯಲ್ಲಿ ಕಂಪನಿ ಗಿರಾಕಿಯನ್ನು ಕೈಬಿಟ್ಟಿತು. ಫೆಬ್ರವರಿ 25ರಂದು ಮಾರ್ಕೋಸ್ ದೇಶ ಬಿಟ್ಟು ಹವಾಯಿಗೆ ಹಾರಿದ.

ಈ ಸಂಘದ ತಂತ್ರ ನಮಗೆ ತಟ್ಟಿದ್ದು 1990ರಲ್ಲಿ. ಕಾಶ್ಮೀರದಲ್ಲಿ ಉಗ್ರವಾದ ಭುಗಿಲೆದ್ದ ವರ್ಷ ಅದು. ವಾಷಿಂಗ್ಟನ್‌ನಲ್ಲಿ ಗುಲಾಂ ನಬಿ ಫೈ ಎಂಬಾತ ಕಾಶ್ಮೀರಿ ಅಮೆರಿಕನ್ ಕೌನ್ಸಿಲ್ ತೆರೆದ. ಅಮೆರಿಕದಲ್ಲೇ ಹುಟ್ಟಿದ, ಅನಿವಾಸಿ ಕಾಶ್ಮೀರಿಗಳ ದೇಣಿಗೆಯಿಂದ ನಡೆಯುವ ಸಂಸ್ಥೆ ಅಂತ ಕಾಗದ ಹೇಳುತ್ತಿತ್ತು. 1990ರಿಂದ 1995ರ ನಡುವೆ ಬ್ಲ್ಯಾಕ್, ಮ್ಯಾನಫೋರ್ಟ್ ಕಂಪನಿ ಈ ಕೌನ್ಸಿಲ್‌ನಿಂದ ಸುಮಾರು 7 ಲಕ್ಷ ಡಾಲರ್ ಶುಲ್ಕ ಪಡೆಯಿತು. ಭಾರತದ ವಿರುದ್ಧ ಅಮೆರಿಕದ ಸಂಸತ್ತಿನಲ್ಲಿ ಅಭಿಪ್ರಾಯ ಮೂಡಿಸುವುದು ಕೆಲಸ. ಆ ದಶಕದಲ್ಲಿ ಇಂಡಿಯಾನಾದ ರಿಪಬ್ಲಿಕನ್ ಸದಸ್ಯ ಡ್ಯಾನ್ ಬರ್ಟನ್, ಮಾನವ ಹಕ್ಕು ಉಲ್ಲಂಘನೆಯ ಕಾರಣ ಕೊಟ್ಟು, ಭಾರತದ ನೆರವು ಕಡಿತ ಮಾಡಬೇಕು ಅಂತ ಮೇಲಿಂದ ಮೇಲೆ ತಿದ್ದುಪಡಿ ತರುತ್ತಿದ್ದ. ಹೆಚ್ಚಿನ ಸಲ ಬಿದ್ದುಹೋಗುತ್ತಿತ್ತು, ಮತ್ತೆ ತರುತ್ತಿದ್ದ. ಇದಕ್ಕೆ ಎದುರಾಗಿ 1993ರಲ್ಲಿ ಕೆಳಮನೆಯಲ್ಲಿ ಭಾರತ ಮಿತ್ರರ ಕೂಟ ಹುಟ್ಟಿತು. ಡೆಮಾಕ್ರಟ್ ಫ್ರ್ಯಾಂಕ್ ಪಲೋನ್, ರಿಪಬ್ಲಿಕನ್ ಬಿಲ್ ಮೆಕಾಲಮ್ ಇಬ್ಬರೂ ಸೇರಿ ಕಟ್ಟಿದ್ದು. ನಮ್ಮವರಿಗೂ ಪಾಠ ಹತ್ತಿತ್ತು.

2011ರ ಜುಲೈನಲ್ಲಿ ಎಫ್‌ಬಿಐ ಫೈಯನ್ನು ಬಂಧಿಸಿತು. ವರ್ಷಾನುಗಟ್ಟಲೆ ಪಾಕಿಸ್ತಾನದ ಐಎಸ್‌ಐ ಹಣ ಈ ಕೌನ್ಸಿಲ್‌ಗೆ ಬರುತ್ತಿತ್ತು, ಒಟ್ಟು 35 ಲಕ್ಷ ಡಾಲರ್‌ಗೂ ಮೇಲೆ, ಅನ್ನುವುದು ಆರೋಪ. ಡಿಸೆಂಬರ್‌ನಲ್ಲಿ ಅವನು ತಪ್ಪೊಪ್ಪಿಕೊಂಡ, 2012ರಲ್ಲಿ ಎರಡು ವರ್ಷ ಜೈಲಾಯಿತು. ಲಾಬಿ ಕಂಪನಿಯ ಮೇಲೆ ಯಾವ ಕೇಸೂ ಆಗಲಿಲ್ಲ. ದುಡ್ಡು ಯಾವ ಬಾವಿಯಿಂದ ಬಂತು ಅಂತ ಕೇಳುವುದು ಅವರ ಕೆಲಸವಲ್ಲ. ಚೆಕ್ಕಿನ ಮೇಲೆ ಸಂಘದ ಹೆಸರಿದ್ದರೆ ಸಾಕು.

326 ಮನೆಗಳು

ದೇಶದೊಳಗೆ ಕಂಪನಿ ಮೊದಲ ಬಾರಿಗೆ ಸಿಕ್ಕಿಬಿದ್ದದ್ದು ಬಡವರ ಮನೆ ಯೋಜನೆಯಲ್ಲಿ. ನ್ಯೂಜೆರ್ಸಿಯ ಅಪ್ಪರ್ ಡೀರ್‌ಫೀಲ್ಡ್ ಊರಿನ ಸೀಬ್ರೂಕ್‌ನಲ್ಲಿ ಕೆಲಸಗಾರರಿಗೆ ಕಟ್ಟಿದ್ದ ಹಳೇ ಮನೆಗಳಿದ್ದವು. ಶಿಥಿಲವಾಗಿದ್ದವು. ಅವನ್ನು ರಿಪೇರಿ ಮಾಡಿ ಬಾಡಿಗೆಗೆ ಕೊಡಲು ಕೇಂದ್ರದ ವಸತಿ ಇಲಾಖೆ 15 ವರ್ಷಗಳಲ್ಲಿ 4.3 ಕೋಟಿ ಡಾಲರ್ ಸಬ್ಸಿಡಿ ಮಂಜೂರು ಮಾಡಿತು. ಮಂಜೂರಾತಿ ತಂದುಕೊಟ್ಟದ್ದು ಮ್ಯಾನಫೋರ್ಟ್. ಕಂಪನಿಯ ಶುಲ್ಕ 3,26,000 ಡಾಲರ್. ಮನೆಗಳ ಸಂಖ್ಯೆ 326. ಮನೆಯೊಂದಕ್ಕೆ ಸರಿಯಾಗಿ 1,000 ಡಾಲರ್. ಲೆಕ್ಕ ಎಷ್ಟು ಚೊಕ್ಕ ನೋಡಿ. ಆ ಯೋಜನೆಯಲ್ಲಿ ಮ್ಯಾನಫೋರ್ಟ್‌ನದೇ ಪಾಲೂ ಇತ್ತು.

1989ರಲ್ಲಿ ಕೆಳಮನೆಯ ಉಪಸಮಿತಿ ವಿಚಾರಣೆ ನಡೆಸಿತು. ಅಧ್ಯಕ್ಷ ಟಾಮ್ ಲ್ಯಾಂಟೋಸ್, ಡೆಮಾಕ್ರಟ್. ಸಾಕ್ಷಿ ಕುರ್ಚಿಯಲ್ಲಿ ಕೂತ ಮ್ಯಾನಫೋರ್ಟ್ ತಡವರಿಸಲಿಲ್ಲ. ನಾವು ಮಾಡುವುದು ಲಾಬಿ, ಕೆಲವರು ಇದನ್ನೇ ವಶೀಲಿ ವ್ಯಾಪಾರ ಅಂತ ಕರೆಯಬಹುದು, ಒಪ್ಪಿಕೊಳ್ಳುತ್ತೇನೆ, ಅನ್ನುವ ಅರ್ಥದಲ್ಲಿ ಹೇಳಿದ. ವಸತಿ ಇಲಾಖೆಯ ಹಗರಣದಲ್ಲಿ ಹಲವರಿಗೆ ಶಿಕ್ಷೆಯಾಯಿತು. ಮ್ಯಾನಫೋರ್ಟ್ ಮೇಲೆ ಮೊಕದ್ದಮೆಯೇ ಹೂಡಲಿಲ್ಲ.

ಇಲ್ಲಿ ನನ್ನ ವಾದಕ್ಕೆ ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. ಎರಡೂ ಪಕ್ಷದವರು ಒಳಗಿದ್ದರೆ ಯಾರೂ ಕೇಳುವುದಿಲ್ಲ ಅಂದೆ. ಲ್ಯಾಂಟೋಸ್ ಕೇಳಿದನಲ್ಲ? ಕೇಳಿದ, ಗಟ್ಟಿಯಾಗಿಯೇ ಕೇಳಿದ. ಆದರೆ ಸೀಬ್ರೂಕ್ ವ್ಯವಹಾರ ನಡೆದದ್ದು ಪೂರ್ತಿ ರಿಪಬ್ಲಿಕನ್ ಇಲಾಖೆಯಲ್ಲಿ, ರಿಪಬ್ಲಿಕನ್ ಪಾಲುದಾರನ ಕೈಯಿಂದ. ಕೆಲಿಯ ಕಡೆಯ ಬಾಗಿಲು ಅದಕ್ಕೆ ಬಳಕೆಯಾಗಿರಲಿಲ್ಲ. ಮೊದಲು ಸಿಕ್ಕಿಬಿದ್ದದ್ದು ದ್ವಿಪಕ್ಷೀಯವಲ್ಲದ ವ್ಯವಹಾರದಲ್ಲೇ ಅನ್ನುವುದನ್ನು ಗಮನಿಸಿ.

ಮಾರಾಟ, ಒಡಕು, ಮರುಹುಟ್ಟು

1989ರಲ್ಲಿ ಆಟ್‌ವಾಟರ್ ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಅಧ್ಯಕ್ಷನಾದ. ಮಿದುಳಿನ ಗಡ್ಡೆಯಿಂದ 1991ರಲ್ಲಿ, 40ನೇ ವಯಸ್ಸಿಗೆ ತೀರಿಕೊಂಡ. ಅದೇ ವರ್ಷ ಕಂಪನಿಯನ್ನು ಬರ್ಸನ್-ಮಾರ್ಸ್ಟೆಲರ್ ಅನ್ನುವ ದೊಡ್ಡ ಜನಸಂಪರ್ಕ ಸಂಸ್ಥೆ ಕೊಂಡಿತು. 1992ರಲ್ಲಿ ಸೆಂಟರ್ ಫಾರ್ ಪಬ್ಲಿಕ್ ಇಂಟೆಗ್ರಿಟಿ ಅನ್ನುವ ತನಿಖಾ ಪತ್ರಿಕೋದ್ಯಮ ಸಂಸ್ಥೆ, ಚಿತ್ರಹಿಂಸೆ ಕೊಡುವ ಸರ್ಕಾರಗಳಿಗೆ ಲಾಬಿ ಮಾಡುವವರ ಮೇಲೆ ವರದಿ ತಂದಾಗ ಈ ಹೆಸರು ಪಟ್ಟಿಯ ಮೇಲಿನ ಸಾಲಿನಲ್ಲೇ ಇತ್ತು. ದಶಕದ ಮಧ್ಯದಲ್ಲಿ ಮ್ಯಾನಫೋರ್ಟ್ ಹೊರಗೆ ಹೋಗಿ ತನ್ನದೇ ಅಂಗಡಿ ಇಟ್ಟ. ಬ್ಲ್ಯಾಕ್ ಮತ್ತು ಕೆಲಿ ಮಾತ್ರ ಜೊತೆಯಾಗೇ ಉಳಿದರು. 1996ರಲ್ಲಿ ಇನ್ನೊಂದು ಕಂಪನಿಯ ಜೊತೆ ಸೇರಿ ಅದು ಬಿಕೆಎಸ್‌ಎಚ್ ಆಯಿತು, 2010ರ ಹೊತ್ತಿಗೆ ಪ್ರೈಮ್ ಪಾಲಿಸಿ ಗ್ರೂಪ್. ಇರಾಕ್ ಯುದ್ಧಕ್ಕೆ ಮುಂಚೆ ಸದ್ದಾಂ ಹುಸೇನ್ ವಿರೋಧಿ ಅಹ್ಮದ್ ಚಲಾಬಿಯ ಇರಾಕಿ ನ್ಯಾಷನಲ್ ಕಾಂಗ್ರೆಸ್‌ಗೆ ವಾಷಿಂಗ್ಟನ್‌ನಲ್ಲಿ ಕೆಲಸ ಮಾಡಿದ್ದು ಬಿಕೆಎಸ್‌ಎಚ್.

ಹಳೆಯ ಸೂತ್ರವನ್ನು ಬಿಡದೆ ಹಿಡಿದುಕೊಂಡವನು ಮ್ಯಾನಫೋರ್ಟ್. ಉಕ್ರೇನಿನ ವಿಕ್ಟರ್ ಯಾನುಕೋವಿಚ್ ಅವನ ಗಿರಾಕಿ. 2012ರಲ್ಲಿ, ಉಕ್ರೇನಿನ ಅಧ್ಯಕ್ಷನಾಗಿದ್ದ ಯಾನುಕೋವಿಚ್ ಪರ ವಾಷಿಂಗ್ಟನ್‌ನಲ್ಲಿ ಲಾಬಿ ಬೇಕಾಯಿತು. ಎರಡು ಕಂಪನಿಗಳನ್ನು ಹಿಡಿದ. ಒಂದು ಮರ್ಕ್ಯುರಿ, ಅಲ್ಲಿ ಕೆಲಸ ನೋಡಿಕೊಂಡದ್ದು ರಿಪಬ್ಲಿಕನ್ ಮಾಜಿ ಸಂಸದ ವಿನ್ ವೆಬರ್. ಇನ್ನೊಂದು ಪೊಡೆಸ್ಟಾ ಗ್ರೂಪ್. 1988ರಲ್ಲಿ ಜಾನ್ ಮತ್ತು ಟೋನಿ ಪೊಡೆಸ್ಟಾ ಸೋದರರು ಶುರು ಮಾಡಿದ್ದು. ಜಾನ್ ಮುಂದೆ ಬಿಲ್ ಕ್ಲಿಂಟನ್‌ಗೆ ಶ್ವೇತಭವನದ ಸಿಬ್ಬಂದಿ ಮುಖ್ಯಸ್ಥನಾದ, ಟೋನಿ ಕಂಪನಿ ಬೆಳೆಸಿದ. ಹೆಸರಿಗೆ ಡೆಮಾಕ್ರಟ್, ಒಳಗೆ ರಿಪಬ್ಲಿಕನ್ನರೂ ಜಾಸ್ತಿ. 2017ರಲ್ಲಿ ಅದರ ಸಿಇಒ ಆಗಿದ್ದವರೂ ರಿಪಬ್ಲಿಕನ್. ಈ ಬಾರಿಯೂ ನಡುವೆ ಒಂದು ಸಂಘ: ಬ್ರಸೆಲ್ಸ್‌ನಲ್ಲಿದ್ದ ಯುರೋಪಿಯನ್ ಸೆಂಟರ್ ಫಾರ್ ಎ ಮಾಡರ್ನ್ ಉಕ್ರೇನ್. ಸರ್ಕಾರವಲ್ಲ, ಲಾಭವಿಲ್ಲದ ಸಂಸ್ಥೆ ಅಂತ ಬರೆಸಿಕೊಂಡು, ವಿದೇಶಿ ಸರ್ಕಾರಗಳ ಪರ ಕೆಲಸ ಮಾಡುವವರು ಅದನ್ನು ಬಹಿರಂಗವಾಗಿ ದಾಖಲಿಸಬೇಕು ಅನ್ನುವ 1938ರ ವಿದೇಶಿ ಏಜೆಂಟರ ಕಾನೂನಿನಡಿ ನೋಂದಣಿಯನ್ನೇ ಮಾಡಲಿಲ್ಲ. ಪೊಡೆಸ್ಟಾಗೆ 11 ಲಕ್ಷ ಡಾಲರ್‌ಗೂ ಜಾಸ್ತಿ ಬಂತು. ನೋಂದಣಿ ಆದದ್ದು 2017ರ ಏಪ್ರಿಲ್‌ನಲ್ಲಿ, ಎಲ್ಲ ಮುಗಿದ ಮೇಲೆ.

ಸಿಕ್ಕಿಬಿದ್ದದ್ದು ಹೇಗೆ ಗೊತ್ತೇ? ಎದುರು ಪಕ್ಷ ಕೆದಕಿದ್ದರಿಂದಲ್ಲ. ಮ್ಯಾನಫೋರ್ಟ್ 2016ರಲ್ಲಿ ಟ್ರಂಪ್ ಪ್ರಚಾರದ ಮುಖ್ಯಸ್ಥನಾಗಿ ಬೆಳಕಿಗೆ ಬಂದ. ರಷ್ಯಾ ವಿಚಾರದಲ್ಲಿ ರಾಬರ್ಟ್ ಮುಲ್ಲರ್ ತನಿಖೆ ಶುರುವಾದಾಗ ಹಳೇ ಕಡತಗಳು ತೆರೆದವು. 2017ರ ಅಕ್ಟೋಬರ್ 30ರಂದು ಮ್ಯಾನಫೋರ್ಟ್ ಮೇಲೆ ಆರೋಪ ಹೊರಿಸಲಾಯಿತು. ಅದೇ ದಿನ ಟೋನಿ ಪೊಡೆಸ್ಟಾ ತನ್ನ ಕಂಪನಿಯಿಂದ ಕೆಳಗಿಳಿದ. ವರ್ಷ ಮುಗಿಯುವಷ್ಟರಲ್ಲಿ ಕಂಪನಿಯೇ ಬಾಗಿಲು ಹಾಕಿತು. ಮೂರು ದಶಕದ ವ್ಯಾಪಾರ ಎರಡು ತಿಂಗಳಲ್ಲಿ ಖಾಲಿ. ಪೊಡೆಸ್ಟಾ ಮೇಲೂ ಮರ್ಕ್ಯುರಿ ಮೇಲೂ ಕೇಸು ಹಾಕದೆ 2019ರಲ್ಲಿ ನ್ಯಾಯ ಇಲಾಖೆ ಕಡತ ಮುಚ್ಚಿತು. ಮ್ಯಾನಫೋರ್ಟ್‌ಗೆ ತೆರಿಗೆ ಮತ್ತು ಬ್ಯಾಂಕ್ ವಂಚನೆಗೆ ಶಿಕ್ಷೆಯಾಯಿತು. ವಿದೇಶಿ ಏಜೆಂಟರ ಕಾನೂನು ಮುರಿದದ್ದನ್ನೂ ಒಪ್ಪಿಕೊಂಡ. ಒಟ್ಟು ಏಳೂವರೆ ವರ್ಷದ ಶಿಕ್ಷೆ. ಸ್ಟೋನ್‌ಗೆ ಬೇರೆ ಪ್ರಕರಣದಲ್ಲಿ 40 ತಿಂಗಳು. 2020ರ ಡಿಸೆಂಬರ್ 23ರಂದು ಅಧ್ಯಕ್ಷ ಟ್ರಂಪ್ ಇಬ್ಬರಿಗೂ ಕ್ಷಮಾದಾನ ಕೊಟ್ಟ. 80ರ ದಶಕದ ಗಿರಾಕಿ ಹಳೇ ಬಾಕಿ ತೀರಿಸಿದ ಹಾಗಾಯಿತು.

ನಾವೂ ಗಿರಾಕಿಗಳೇ

ಇದೆಲ್ಲ ಅಮೆರಿಕದವರ ಗಲಾಟೆ ಅಂತ ಸುಮ್ನೆ ಕೂರುವ ಹಾಗಿಲ್ಲ. ಅಣು ಒಪ್ಪಂದದ ಕಾಲದಲ್ಲಿ, 2005ರಲ್ಲಿ, ಭಾರತ ಸರ್ಕಾರ ಬಾರ್ಬರ್ ಗ್ರಿಫಿತ್ ಅಂಡ್ ರೋಜರ್ಸ್ ಕಂಪನಿಯನ್ನು ವರ್ಷಕ್ಕೆ 7 ಲಕ್ಷ ಡಾಲರ್‌ಗೆ ಹಿಡಿಯಿತು. ರಿಪಬ್ಲಿಕನ್ನರ ಕಂಪನಿ. ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ರಾಬರ್ಟ್ ಬ್ಲ್ಯಾಕ್‌ವಿಲ್ ಆಗ ಅಲ್ಲಿ ಸೇರಿದ್ದ. ಅದೊಂದೇ ಸಾಲದು ಅಂತ ವೆನಬಲ್ ಅನ್ನುವ ವಕೀಲರ ಸಂಸ್ಥೆಯನ್ನೂ ಹಿಡಿಯಲಾಯಿತು. ಅಲ್ಲಿದ್ದ ಡೆಮಾಕ್ರಟ್ ಹೆಸರು ಬರ್ಚ್ ಬೇ, 1980ರಲ್ಲಿ ಎನ್‌ಸಿಪ್ಯಾಕ್ ಸೋಲಿಸಿದ ಅದೇ ಸೆನೆಟರ್. 2008ರಲ್ಲಿ ಒಪ್ಪಂದ ಕೆಳಮನೆಯಲ್ಲಿ 298-117, ಸೆನೆಟ್‌ನಲ್ಲಿ 86-13 ಮತಗಳಿಂದ ಪಾಸಾಯಿತು. ಎರಡೂ ಪಕ್ಷ ಒಟ್ಟಿಗೆ. 2013ರಲ್ಲಿ ಎಚ್‌-1ಬಿ ವೀಸಾ ಬಿಗಿ ಮಾಡುವ ವಲಸೆ ಮಸೂದೆ ಬಂದಾಗ ಬೆಂಗಳೂರಿನ ಐಟಿ ಉದ್ಯಮವೂ ನ್ಯಾಸ್ಕಾಮ್ ಮೂಲಕ ಅದೇ ಬೀದಿಗೆ ಹೋಯಿತು.

ನಮ್ಮಲ್ಲಿ ಲಾಬಿಗೆ ಕಾನೂನಿನ ಮಾನ್ಯತೆ ಇಲ್ಲ, ನೋಂದಣಿಯೂ ಇಲ್ಲ. ಹಾಗಂತ ಲಾಬಿಯೇ ಇಲ್ಲ ಅಂತ ಯಾರೂ ನಂಬುವುದಿಲ್ಲ. 2010ರಲ್ಲಿ ಕಾರ್ಪೊರೇಟ್ ಲಾಬಿಗಾರ್ತಿ ನೀರಾ ರಾಡಿಯಾಳ ಫೋನ್ ಸಂಭಾಷಣೆಯ ಟೇಪುಗಳು ಬಂದಾಗ ಕೇಳಿದ್ದೇವಲ್ಲ. 2012ರ ಡಿಸೆಂಬರ್‌ನಲ್ಲಿ ವಾಲ್‌ಮಾರ್ಟ್ ಭಾರತದ ಮಾರುಕಟ್ಟೆ ಪ್ರವೇಶವೂ ಸೇರಿದಂತೆ ಹಲವು ವಿಷಯಗಳಿಗೆ 2008ರಿಂದ ಸುಮಾರು 2.5 ಕೋಟಿ ಡಾಲರ್ ಲಾಬಿ ಖರ್ಚು ಮಾಡಿದ್ದು ಬಯಲಾಗಿ ನಮ್ಮ ಸಂಸತ್ತಿನಲ್ಲಿ ಗದ್ದಲವೆದ್ದಿತು. ಸರ್ಕಾರ ನಿವೃತ್ತ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ವಿಚಾರಣೆ ನೇಮಿಸಿತು. ಬಯಲು ಮಾಡಿದ್ದು ಯಾವ ಪತ್ತೇದಾರನೂ ಅಲ್ಲ. ಕಂಪನಿಯೇ ಅಮೆರಿಕದ ಸೆನೆಟ್‌ಗೆ ಮೂರು ತಿಂಗಳಿಗೊಮ್ಮೆ ಕೊಡುವ ವರದಿಯಲ್ಲಿ ಬರೆದಿತ್ತು.

2025ರಲ್ಲಿ ಟ್ರಂಪ್ ಭಾರತದ ಸರಕುಗಳ ಮೇಲೆ ಸುಂಕ ಏರಿಸುತ್ತಾ ಹೋದಾಗ ವಾಷಿಂಗ್ಟನ್‌ನ ನಮ್ಮ ರಾಯಭಾರ ಕಚೇರಿ ಏಪ್ರಿಲ್‌ನಲ್ಲಿ ಟ್ರಂಪ್ ಆಪ್ತ ಜೇಸನ್ ಮಿಲ್ಲರ್‌ನ ಕಂಪನಿಯನ್ನು ವರ್ಷಕ್ಕೆ 18 ಲಕ್ಷ ಡಾಲರ್‌ಗೆ ಹಿಡಿಯಿತು. ಆಗಸ್ಟ್‌ನಲ್ಲಿ ಇನ್ನೊಂದನ್ನು, ತಿಂಗಳಿಗೆ 75,000 ಡಾಲರ್‌ಗೆ. ಆ ಎರಡನೆಯದು ಮರ್ಕ್ಯುರಿ, ಉಕ್ರೇನ್ ಪ್ರಕರಣದ ಅದೇ ಮರ್ಕ್ಯುರಿ. ಈ ಮೊತ್ತಗಳು ಹೊರಬಂದದ್ದು ಅಮೆರಿಕದ ನ್ಯಾಯ ಇಲಾಖೆ 1938ರ ಕಾನೂನಿನಡಿ ತುಂಬಿಸಿಕೊಳ್ಳುವ ಫಾರಂಗಳಿಂದ.